ಸಹಿಗೆ ಮುಂಚಿನ ಮಾತು

ಹದಿನೇಳು ತುಂಬುವಷ್ಟರಲ್ಲಿ ಓಡೆಲ್ ಪೆಟ್ವೇಯನ್ನು ಹೆಸರು ಹಿಡಿದು ಕರೆಯುವವರು ಕೇನ್ ಬ್ರಾಂಚ್ ಎಂಬ ಊರಿನಲ್ಲಿ ಅವನ ತಾಯಿಯೊಬ್ಬಳೇ ಆಗಿದ್ದಳು. ಪೆಟ್ರೋಲ್ ಬಂಕಿನವನಿಗೆ, ಚರ್ಚಿನ ಹಿರಿಯರಿಗೆ, ಕ್ಷೌರದಂಗಡಿಯಲ್ಲಿ ಸರದಿಗೆ ಕೂತವರಿಗೆ ಅವನು 'ಬಿಗ್ ಓ'. ಅಮೆರಿಕದ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ; ಶಾಲೆಯ ತಂಡದ ಮುಂದಿನ ಸಾಲಿನಲ್ಲಿ ನಿಂತು, ನುಗ್ಗಿ ಬರುವ ಎದುರಾಳಿಗಳನ್ನು ಎದೆಕೊಟ್ಟು ತಡೆಯುವುದು ಅವನ ಕೆಲಸ. ಚೆಂಡು ಹಿಡಿದು ಓಡಿದವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ, ಅವನಿಗೆ ದಾರಿ ಬಿಡಿಸಿಕೊಟ್ಟವನದು ಬರುವುದಿಲ್ಲ. ಆದರೆ ಅಲಬಾಮಾದ ಆ ಸೀಮೆಯಲ್ಲಿ ಆಟ ತಿಳಿಯದವರು ಯಾರಿದ್ದಾರೆ? ಶುಕ್ರವಾರ ಸಂಜೆ ಬೇಲಿ ಹಿಡಿದು ನಿಂತ ಮುದುಕಿಯರು ಕೂಡ ಅವನ ಕಾಲಿನ ಚುರುಕು ಕಂಡು ತಲೆದೂಗುತ್ತಿದ್ದರು.

ಮೊದಲು ಅವನ ಮೇಲೆ ಕಣ್ಣಿಟ್ಟವರು ನದಿಯಾಚೆಯ ಸಣ್ಣ ಕಾಲೇಜಿನ ಕೋಚ್ ಟಾಲಿವರ್. ವಯಸ್ಸಾದ ಮನುಷ್ಯ, ಮಾತು ಕಡಿಮೆ. "ನಿಂಗೆ ನಮ್ಮಲ್ಲಿ ಜಾಗ ಇದೆ, ಓದಿನ ಖರ್ಚು ಪೂರ್ತಿ ನಮ್ದು" ಎಂದು ಹೇಳಿ, ಹ್ಯಾಟು ತಲೆಗಿಟ್ಟುಕೊಂಡು ಹೊರಟುಹೋಗಿದ್ದರು. ಅದಾದ ಮೇಲೆ ಬೇಸಿಗೆಯಲ್ಲಿ ದೊಡ್ಡ ವಿಶ್ವವಿದ್ಯಾಲಯದಿಂದ ಬ್ರೆಂಟ್ ಹ್ಯಾಸ್ಕೆಲ್ ಬಂದ. ಹುಡುಗರನ್ನು ಹುಡುಕಿ ತರುವುದರಲ್ಲಿ ಅವನನ್ನು ಮೀರಿಸಿದ ಕೋಚ್ ಇಲ್ಲ ಎಂದು ಹೆಸರಾದವನು.

ತಾಯಿ ವರ್ಲೀನ್ ಅಂದು ತಾನು ದುಡಿಯುವ ಕೋಳಿಮಾಂಸದ ಕಾರ್ಖಾನೆಗೆ ರಜೆ ಹಾಕಿ, ಮೀನು ಕರಿದು, ಸೊಪ್ಪು ಬೇಯಿಸಿ, ಗೆಣಸಿನ ಪೈ ಮಾಡಿದ್ದಳು. ಹ್ಯಾಸ್ಕೆಲ್ ತಾನಾಗಿಯೇ ಊಟದ ಪ್ರಾರ್ಥನೆ ಹೇಳಿದ. ಎರಡನೇ ಸಲ ಮೀನು ಹಾಕಿಸಿಕೊಂಡು ಅವಳ ಕೈ ಹಿಡಿದ.

"ಮೇಡಂ, ಇನ್ಮೇಲೆ ಇವನು ನನ್ ಮಗ ಅಂದ್ಕೊಳ್ಳಿ. ಓದು, ಊಟ, ಇರೋದು, ಎಲ್ಲಾ ನಮ್ದೇ."

"ಬೆಣ್ಣೆ ಹಚ್ಚೋದು ನಂಗೂ ಬರುತ್ತೆ ಕೋಚ್," ಅಂದಳು ವರ್ಲೀನ್. "ಈ ಮಾತು ಡಿಸೆಂಬರ್ ಚಳೀಲೂ ಹಿಂಗೇ ಇರುತ್ತಾ? ಅದನ್ನ ಹೇಳಿ."

"ನಮ್ಮಪ್ಪ ಪಾದ್ರಿ, ಮೇಡಂ."

"ಪಾದ್ರಿ ಮಕ್ಕಳನ್ನ ನಾನು ಬೇಕಾದಷ್ಟು ನೋಡಿದೀನಿ."

ಎಲ್ಲರೂ ನಕ್ಕರು. ಹ್ಯಾಸ್ಕೆಲ್ ಎಲ್ಲರಿಗಿಂತ ಜೋರಾಗಿ ನಕ್ಕ.

ಡಿಸೆಂಬರ್‌ನಲ್ಲಿ ಹುಡುಗರು ಕಾಲೇಜಿನ ಒಪ್ಪಂದಕ್ಕೆ ಸಹಿ ಹಾಕುವ ದಿನ ಬರುವವರೆಗೆ ಇದೆಲ್ಲ ಬರೀ ಬಾಯಿಮಾತು. ಕೊಟ್ಟವರೂ ಬಿಡಬಹುದು, ತೆಗೆದುಕೊಂಡವರೂ ಬಿಡಬಹುದು. ಅದು ಎಲ್ಲರಿಗೂ ಗೊತ್ತು, ಓಡೆಲ್‌ಗೂ ಗೊತ್ತಿತ್ತು. ಆದರೆ ಶಾಲೆಯ ಸಭಾಂಗಣದಲ್ಲಿ ಇಡೀ ಊರಿನ ಮುಂದೆ ಆ ವಿಶ್ವವಿದ್ಯಾಲಯದ ಟೋಪಿ ತಲೆಗೇರಿಸಿ, ಅಲ್ಲಿಗೇ ಹೋಗುತ್ತೇನೆಂದು ಸಾರಿದ ಮೇಲೆ, ತನ್ನ ಮಟ್ಟಿಗೆ ವಿಷಯ ಮುಗಿಯಿತು ಎಂದು ಅವನು ತೀರ್ಮಾನಿಸಿದ. ಅಂದೇ ಟಾಲಿವರ್‌ಗೆ ಫೋನ್ ಮಾಡಿ ತಾನು ಬರುವುದಿಲ್ಲ ಎಂದು ತಿಳಿಸಿದ.

"ನೀನೇ ಫೋನ್ ಮಾಡಿ ಹೇಳಿದ್ಯಲ್ಲಪ್ಪ, ಅಷ್ಟೂ ಮಾಡಲ್ಲ ಹುಡುಗ್ರು," ಅಂದರು ಟಾಲಿವರ್. "ಸಹಿ ಆಗೋವರೆಗೂ ನಿನ್ ಜಾಗ ಹಂಗೇ ಇಟ್ಕೊಂಡಿರ್ತೀನಿ, ಬೇಕಾದ್ರೆ."

"ಬೇಡ ಸರ್. ನಾನು ಮಾತು ಕೊಟ್ಟಾಯ್ತು. ಆ ಜಾಗ ಕಾಯ್ತಿರೋ ಇನ್ಯಾರಿಗಾದ್ರೂ ಕೊಡಿ."

ಆಮೇಲೆ ಬೇರೆ ಕಾಲೇಜುಗಳಿಂದಲೂ ಫೋನು ಬಂದವು. ಅವನು ತೆಗೆಯಲೇ ಇಲ್ಲ. ಆ ವರ್ಷ ಅವನ ಆಟವೂ ಹಿಂದೆಂದಿಗಿಂತ ಚೆನ್ನಾಗಿತ್ತು, ಮೈಗೆ ಒಂದು ಗಾಯವೂ ಆಗಲಿಲ್ಲ.

ಸಹಿಯ ದಿನ ಇನ್ನೇನು ಬಂತು ಎನ್ನುವಾಗ ಹ್ಯಾಸ್ಕೆಲ್ ಫೋನ್ ಮಾಡಿದ. ಓಡೆಲ್ ಶಾಲೆಯ ಮೈದಾನದಲ್ಲಿದ್ದ.

"ಬಿಗ್ ಓ, ಒಂದು ಸಣ್ಣ ಬದಲಾವಣೆ ಆಗಿದೆ," ಅಂದ ಹ್ಯಾಸ್ಕೆಲ್. ಬೇರೆ ಕಡೆ ಮಾತು ಕೊಟ್ಟಿದ್ದ ಟೆಕ್ಸಸ್ಸಿನ ಹುಡುಗನೊಬ್ಬ ಇದ್ದಕ್ಕಿದ್ದಂತೆ ಹ್ಯಾಸ್ಕೆಲ್‌ನ ತಂಡದ ಕಡೆ ಒಲಿದಿದ್ದ. ಓಡೆಲ್‌ಗಿಂತ ಎತ್ತರ, ಓಡೆಲ್‌ಗಿಂತ ಹೆಸರುವಾಸಿ. "ಜಾಗ ಇರೋದು ಇಷ್ಟೇ ಅಲ್ವಾ? ಒಂದು ವರ್ಷ ನಿಮ್ಮ ಖರ್ಚಲ್ಲೇ ಬಾ. ಆಮೇಲೆ ನೋಡೋಣ."

"ನೀವು ಮಾತು ಕೊಟ್ಟಿದ್ರಿ ಸರ್."

"ಕೊಟ್ಟಿದ್ದೆ. ಈಗ್ಲೂ ನಿನ್ನ ಕಂಡ್ರೆ ನಂಗೆ ಅಷ್ಟೇ ಪ್ರೀತಿ. ಆದ್ರೆ ಇದು ನನ್ ಕೈಲಿಲ್ಲ."

ಸ್ವಂತ ಖರ್ಚು ಅವರ ಮನೆಯಲ್ಲಿ ಆಗದ ಮಾತು. ಅದು ಅವರ ಮೇಜಿನ ಮುಂದೆ ಕೂತು ಉಂಡ ಹ್ಯಾಸ್ಕೆಲ್‌ಗೂ ಗೊತ್ತಿತ್ತು. ಬಾಗಿಲು ಮುಚ್ಚಿದೆವು ಎನ್ನುವುದಕ್ಕೆ ಅದೊಂದು ನಾಜೂಕಿನ ದಾರಿ, ಅಷ್ಟೆ. ಈ ಹಿಂದೆ ಫೋನ್ ಮಾಡಿದ್ದವರೆಲ್ಲ ಆ ಹೊತ್ತಿಗೆ ತಮ್ಮ ಜಾಗ ತುಂಬಿಸಿಕೊಂಡಿದ್ದರು. ಮಗ ಬೇಡವೆಂದರೂ ಕೇಳದೆ ವರ್ಲೀನ್ ಟಾಲಿವರ್‌ಗೆ ಫೋನ್ ಹಚ್ಚಿದಳು.

ಅವರು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ, "ಆ ಜಾಗಕ್ಕೆ ಒಬ್ಬ ಹುಡುಗನಿಗೆ ಮಾತು ಕೊಟ್ಬಿಟ್ಟಿದೀನಮ್ಮಾ. ಅವನನ್ನ ತೆಗೆದು ನಿಮ್ಮ ಮಗನ್ನ ಹಾಕ್ಕೊಂಡ್ರೆ ಆ ಹ್ಯಾಸ್ಕೆಲ್‌ಗೂ ನಂಗೂ ಏನು ವ್ಯತ್ಯಾಸ, ನೀವೇ ಹೇಳಿ" ಅಂದರು.

ವರ್ಲೀನ್ ಫೋನ್ ಇಟ್ಟಳು.

ಸಹಿಯ ದಿನ ಅವಳು ಚರ್ಚಿಗೆ ಹೋಗುವ ಹ್ಯಾಟು ಹಾಕಿಕೊಂಡು, ಮಗನನ್ನು ಕಾರಿಗೆ ಹತ್ತಿಸಿಕೊಂಡು ನೇರ ಆ ವಿಶ್ವವಿದ್ಯಾಲಯಕ್ಕೆ ಹೋದಳು. ಫುಟ್‌ಬಾಲ್ ಕಟ್ಟಡದ ಹೊರಕೋಣೆಯಲ್ಲಿ ಇಬ್ಬರೂ ಕೂತರು. ಅಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದ ಕಾಫಿ ತಂದುಕೊಟ್ಟಳು. ಗೋಡೆಯ ಟಿವಿಯಲ್ಲಿ ತಂಡದ ಮುಖ್ಯ ಕೋಚ್ ಹೊಸ ಹುಡುಗರ ಹೆಸರು ಓದುತ್ತ, "ನಾವು ಮೊದಲು ನೋಡೋದು ಗುಣ, ಆಮೇಲೆ ಆಟ" ಎನ್ನುತ್ತಿದ್ದ. ಓಡೆಲ್ ತಲೆ ಬಗ್ಗಿಸಿ ನೆಲದ ಹಾಸು ನೋಡುತ್ತ ಕೂತ. ಅಷ್ಟು ದೊಡ್ಡ ದೇಹವನ್ನು ಎಲ್ಲಿ ಅಡಗಿಸಲಿ ಎಂದು ಅವನಿಗೆ ತಿಳಿಯಲಿಲ್ಲ.

ಬಹಳ ಹೊತ್ತಿನ ಮೇಲೆ ಹ್ಯಾಸ್ಕೆಲ್ ಹೊರಗೆ ಬಂದು ಎರಡೂ ಕೈ ಮುಂದೆ ಚಾಚಿದ. ವರ್ಲೀನ್ ತನ್ನ ಕೈ ಕೊಡಲಿಲ್ಲ.

"ಅವತ್ತು ನಮ್ಮನೇಲಿ ಪ್ರಾರ್ಥನೆ ಚೆನ್ನಾಗಿ ಹೇಳಿದ್ರಿ," ಅಂದಳು. "ಅದನ್ನೇ ಹೇಳಿ ಹೋಗೋಣ ಅಂತ ಬಂದೆ. ಏಳೋ, ಓಡೆಲ್."

ಊರಿನಲ್ಲಿ ಮಾತು ಬೇರೆಯೇ ಹುಟ್ಟಿತ್ತು. ಪರೀಕ್ಷೆಯಲ್ಲಿ ಫೇಲಾದನಂತೆ, ಪೊಲೀಸರು ಹಿಡಿದಿದ್ದರಂತೆ, ಸೋಮಾರಿಯಂತೆ. ಅಷ್ಟು ದೊಡ್ಡವರು ಸುಮ್ಮಸುಮ್ಮನೆ ಬಿಡುತ್ತಾರಾ, ಇವನಲ್ಲೇ ಏನೋ ಐಬಿರಬೇಕು ಎಂದು ಕ್ಷೌರದಂಗಡಿ ತೀರ್ಪು ಕೊಟ್ಟಿತು. ಓಡೆಲ್ ಮಿಸಿಸಿಪ್ಪಿಯ ಎರಡು ವರ್ಷದ ಕಾಲೇಜೊಂದಕ್ಕೆ ಹೋಗಿ, ಅಲ್ಲಿ ಮೊಣಕಾಲು ಮುರಿದುಕೊಂಡು ವಾಪಸು ಬಂದ. ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದ. ಬೇಲಿ ಹಿಡಿದು ಆಟ ನೋಡುವುದನ್ನು ಕೂಡ ಕೆಲವು ವರ್ಷ ಬಿಟ್ಟಿದ್ದ. ಕೊನೆಗೆ ಹಳೆಯ ಶಾಲೆಯೇ ಕರೆದು, ಮುಂದಿನ ಸಾಲಿನ ಹುಡುಗರನ್ನು ಪಳಗಿಸುವ ಕೆಲಸ ಕೊಟ್ಟಿತು. ಅದನ್ನು ಅವನು ಚೆನ್ನಾಗಿ ಮಾಡಿದ. ಅವನ ಕೈಯಲ್ಲಿ ತಯಾರಾದವರಲ್ಲಿ ಕ್ವೆಂಟನ್ ಎಂಬ ಹುಡುಗನನ್ನು ನೋಡಲು ದೂರದೂರದಿಂದ ಕೋಚ್‌ಗಳು ಬರತೊಡಗಿದರು. ಒಂದು ದಿನ ಹ್ಯಾಸ್ಕೆಲ್ ಬಂದ.

ಅಂಗಿಯ ಮೇಲೆ ಬೇರೆ ವಿಶ್ವವಿದ್ಯಾಲಯದ ಗುರುತು, ತಲೆ ನರೆತಿತ್ತು, ನಗು ಮಾತ್ರ ಅದೇ. ಓಡೆಲ್‌ನ ಭುಜ ತಟ್ಟಿ, "ಏನ್ ಮೈಕಟ್ಟು ಕೋಚ್ ನಿಮ್ದು. ಎಲ್ಲಿ ಆಡ್ತಿದ್ರಿ?" ಅಂದ.

"ಇಲ್ಲೇ."

ಹ್ಯಾಸ್ಕೆಲ್‌ಗೆ ಅವನ ಗುರುತೇ ಹತ್ತಲಿಲ್ಲ.

ಅಂದು ಆಟ ಮುಗಿದ ಮೇಲೆ ಓಡೆಲ್ ಕ್ವೆಂಟನ್‌ನನ್ನು ಪಕ್ಕಕ್ಕೆ ಕರೆದು, "ಕೇಳಿದೋರಿಗೆಲ್ಲ ಹೂಂ ಅನ್ನು. ಟೋಪಿ ಕೊಟ್ರೆ ಹಾಕ್ಕೋ, ಫೋಟೋ ತೆಗೆಸ್ಕೋ. ಸಹಿ ಮಾತ್ರ ಕೊನೇ ಗಳಿಗೇಲಿ, ನಿಂಗೆ ಬೇಕಾದ ಕಡೆ ಹಾಕು" ಅಂದ. ಹುಡುಗ ಹಾಗೆಯೇ ಮಾಡಿದ. ಹ್ಯಾಸ್ಕೆಲ್‌ಗೆ ಬೇಸಿಗೆಯಲ್ಲಿ ಮಾತು ಕೊಟ್ಟ, ಸಹಿಯ ದಿನದ ಬೆಳಿಗ್ಗೆ ಇನ್ನೊಂದು ಕಡೆ ಸಹಿ ಹಾಕಿದ.

ಹ್ಯಾಸ್ಕೆಲ್ ಫೋನ್ ಮಾಡುತ್ತಾನೆ ಎಂದು ಓಡೆಲ್‌ಗೆ ಗೊತ್ತಿತ್ತು. ಏನು ಹೇಳಬೇಕೆಂದು ವರ್ಷಗಟ್ಟಲೆ ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದ. ಫೋನೂ ಬಂತು. ಆದರೆ ಆ ಕಡೆಯ ದನಿಯಲ್ಲಿ ಸಿಟ್ಟೇ ಇರಲಿಲ್ಲ.

"ಹೋಗ್ಲಿ ಬಿಡಿ ಕೋಚ್, ಹುಡುಗ್ರು ಅಂದ್ಮೇಲೆ ಇದೆಲ್ಲ ಇದ್ದದ್ದೇ," ಅಂದ ಹ್ಯಾಸ್ಕೆಲ್. "ಹೆಂಗೂ ಇಬ್ರು ಕಾಯ್ತಿದ್ರು, ಒಬ್ಬನ್ನ ಹಾಕ್ಕೊಂಡೆ. ಮುಂದಿನ ವರ್ಷಕ್ಕೆ ನಿಮ್ಮಲ್ಲಿ ಯಾರಿದ್ದಾರೆ?"

"ನಾನು ಓಡೆಲ್ ಪೆಟ್ವೇ," ಅಂದ ಇವನು.

"ಹೌದೌದು, ಹೆಸರು ನಂಬರು ಎರಡೂ ಇದೆ ನನ್ ಹತ್ರ. ಹೇಳಿ, ಯಾರಿದ್ದಾರೆ?"

ಓಡೆಲ್ "ಯಾರೂ ಇಲ್ಲ" ಎಂದು ಹೇಳಿ ಫೋನ್ ಇಟ್ಟ.

ಆದರೆ ಒಬ್ಬ ಇದ್ದ. ಡೆರಿಯನ್ ಎಂಬ ಹುಡುಗ, ಗಟ್ಟಿ ಆಳು, ಕಾಲು ಸ್ವಲ್ಪ ನಿಧಾನ. ಈವರೆಗೆ ಅವನನ್ನು ಯಾರೂ ಬಂದು ನೋಡಿರಲಿಲ್ಲ. ಓಡೆಲ್ ಮಾರನೇ ದಿನವೆಲ್ಲ ಅವನು ಒಬ್ಬನೇ ಮೈದಾನದಲ್ಲಿ ಅಭ್ಯಾಸದ ಭಾರದ ಗಾಡಿಯನ್ನು ತಳ್ಳುವುದನ್ನು ನೋಡಿದ. ಸಂಜೆ ತಾನೇ ಹ್ಯಾಸ್ಕೆಲ್‌ಗೆ ಫೋನ್ ಮಾಡಿ, "ಒಬ್ಬ ಇದಾನೆ ಸರ್" ಅಂದ. 'ಸರ್' ಎಂಬುದು ತಾನಾಗಿಯೇ ಬಾಯಿಗೆ ಬಂದಿತ್ತು.

ಹ್ಯಾಸ್ಕೆಲ್‌ಗೆ ಖುಷಿಯಾಯಿತು. ಹುಡುಗನ ಮನೆ ಎಲ್ಲಿ, ತಾಯಿಯ ಹೆಸರೇನು ಎಂದು ವಿಚಾರಿಸಿದ. ಓಡೆಲ್ ಎಲ್ಲವನ್ನೂ ಬಿಡಿಸಿ ಹೇಳಿದ. ವರ್ಲೀನ್‌ಗೆ ಮಾತ್ರ ಇದನ್ನು ಅವನು ಹೇಳಲಿಲ್ಲ.