ಟಿ ಅಕ್ಷರದ ಬುಟ್ಟಿ

ಖಾನಾಪುರದ ಬಾಡಿಗೆ ಮನೆಗೆ ಬಂದ ಸಂಜೆ, ಪಾತ್ರೆಯ ಮೂಟೆ ಬಿಚ್ಚುವ ಮೊದಲೇ, ತಲೆಯ ಮೇಲಿನ ಹಲಗೆಗಳಾಚೆ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಅಳತೊಡಗಿದಳು. ಅದಕ್ಕೂ ಮುಂಚೆ ಒಬ್ಬ ಗಂಡಸಿನ ಒಡಕು ದನಿ ಏನೋ ಕೂಗಿತ್ತು. ಹೊರಗೆ ಜೂನ್ ತಿಂಗಳ ಮಳೆ. ಸ್ಟೋವಿಗೆ ಸೀಮೆಎಣ್ಣೆ ಹಾಕುತ್ತಿದ್ದ ನಮ್ಮ ಯಜಮಾನರು ಕೈ ನಿಲ್ಲಿಸಿ ಮೇಲೆ ನೋಡಿದರು.

"ಯಾರೋ ಹೋಗ್ಬಿಟ್ರು ಅಂತ ಕಾಣುತ್ತೆ ಕಣೇ."

ಅಳು ನಿಂತಿತು. ಒಡಕು ದನಿ ಮತ್ತೊಂದು ಮಾತು ಕೂಗಿತು. ಈ ಸಲ ಗಿಟಾರು ಬಾರಿಸಿಕೊಂಡು ಒಬ್ಬ ಗಂಡಸು ಹಾಡಿದ. ಆಗ ತಿಳಿಯಿತು, ಅದು ಟೇಪ್ ರೆಕಾರ್ಡರು, ಸತ್ತವರು ಯಾರೂ ಇಲ್ಲ ಎಂದು.

ಚಿಂತಾಮಣಿಯಲ್ಲೇ ಹುಟ್ಟಿ, ಬೆಳೆದು, ಮಗಳ ಮದುವೆಯನ್ನೂ ಮಾಡಿ ಮುಗಿಸಿದವಳು ನಾನು. ನೀರು ಸರಬರಾಜಿನ ಕೆಲಸದಲ್ಲಿರುವ ಯಜಮಾನರಿಗೆ ವರ್ಗವಾಗಿ ರಾಜ್ಯದ ಆ ಮೂಲೆಯಿಂದ ಈ ಮೂಲೆಗೆ ಬಂದೆವು. ಅಲ್ಲಿ ಹೇಗಿದೆ ಎಂದು ಊರಿನವರು ಕೇಳುತ್ತಲೇ ಇರುತ್ತಾರೆ. ನಮ್ಮಲ್ಲಿ ಮೋಡಕ್ಕಾಗಿ ಕಾಯುತ್ತೇವೆ, ಇಲ್ಲಿ ಬಿಸಿಲಿಗಾಗಿ. ಒಗೆದ ಬಟ್ಟೆಯನ್ನು ಕೆಂಡದ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಹರವಿ ಒಣಗಿಸಬೇಕು. ಬೆಂಕಿಪೊಟ್ಟಣ ಅಕ್ಕಿಯ ಡಬ್ಬದೊಳಗೆ ಇರಬೇಕು. ಸಂತೆಯಲ್ಲಿ ಕನ್ನಡದಲ್ಲಿ ಬೆಲೆ ಕೇಳಿದರೆ ಮರಾಠಿಯಲ್ಲಿ ಉತ್ತರ ಬರುತ್ತದೆ, ಮರಾಠಿಗೆ ತಲೆ ಅಲ್ಲಾಡಿಸಿದರೆ ಚಿಲ್ಲರೆಯನ್ನು ಕನ್ನಡದಲ್ಲಿ ಎಣಿಸಿ ಕೊಡುತ್ತಾರೆ. ನಮ್ಮ ಬೀಗ ಇಲ್ಲಿ ಕೀಲಿ. ಊರಿಂದ ತಂದ ರಾಗಿ ಹಿಟ್ಟು ಮುಗಿದಾಗ ಮುದ್ದೆಯ ಋಣ ತೀರಿತು ಅಂದುಕೊಂಡಿದ್ದೆ. ಒಂದು ಭಾನುವಾರ ಹೆಂಗಸೊಬ್ಬಳು ನಾಚಣಿ ಎಂದು ಕೂಗುತ್ತಾ ಕೂತಿದ್ದಳು. ಚೀಲದೊಳಗೆ ಕೈ ಹಾಕಿದರೆ, ನಮ್ಮ ರಾಗಿಯೇ! ಅಂದು ಮುದ್ದೆ ತಿರುವುತ್ತಾ ಒಬ್ಬಳೇ ನಕ್ಕೆ.

ಮೇಲಿನವರೇ ಮನೆಯ ಮಾಲೀಕರು, ಬಸಲಿಂಗಪ್ಪ ಮತ್ತು ಶಾಂತವ್ವ. ಓಣಿಯವರೆಲ್ಲ ಕಾಕಾ, ಕಾಕೂ ಎನ್ನುತ್ತಾರೆ, ನಾನೂ ಹಾಗೇ ಕಲಿತೆ. ಕಾಕೂ ಮೊದಲ ವಾರವೇ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ಕೊಟ್ಟು ಕಳಿಸಿದ್ದರು. ಬಟ್ಟಲನ್ನು ಬರಿದಾಗಿ ಕೊಡಬಾರದೆಂದು ಹುರುಳಿಕಾಳಿನ ಉಸಲಿ ತುಂಬಿಕೊಂಡು ಮೇಲೆ ಹೋದೆ. ಕಾಕಾ ಹಣೆ ತುಂಬ ವಿಭೂತಿ ಧರಿಸಿ ಟೇಪಿನ ಮುಂದೆ ಕೂತಿದ್ದರು. ಗೋಡೆಯುದ್ದಕ್ಕೂ ಕ್ಯಾಸೆಟ್ಟುಗಳು.

"ಬರ್ರಿ ಬಾಯಾರ, ಕುಂದರ್ರಿ. ಹಾಡಿಂದ ತ್ರಾಸ ಆಗೂದಿಲ್ಲಲ್ಲ?"

"ಇಲ್ಲ ಕಾಕಾ. ಏನು ಹಾಡ್ತಾರೋ ಗೊತ್ತಾಗಲ್ಲ, ಅಷ್ಟೇ."

"ನನಗರೆ ಎಲ್ಲಿ ಗೊತ್ತಾಗತೈತ್ರಿ!" ಎಂದು ನಕ್ಕರು. ನಗು ಕೆಮ್ಮಾಯಿತು.

ಎಸ್ಸೆಸ್ಸೆಲ್ಸಿಯವರೆಗೆ ಓದಿದವಳು ನಾನು, ಇಂಗ್ಲಿಷನ್ನು ಕೂಡಿಸಿ ಕೂಡಿಸಿ ಓದಬಲ್ಲೆ. ಅವರ ಕೈಲಿದ್ದ ಡಬ್ಬಿಯ ಕಾಗದದಲ್ಲಿ ಬರೆದಿದ್ದ ಹೆಸರುಗಳನ್ನು ಓದಿದೆ. ಎಲ್ಲವೂ ಜಿ ಅಕ್ಷರದಿಂದ ಶುರುವಾಗುತ್ತಿದ್ದವು. ಪಕ್ಕದ ಡಬ್ಬಿ ತೆಗೆದರೆ ಅದರಲ್ಲೂ ಜಿ.

ಕಾಕಾ ಬೆಳಗಾವಿಯ ಕ್ಯಾಂಪಿನಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿ ಇಟ್ಟಿದ್ದರಂತೆ. ಮಿಲಿಟರಿ ಆಫೀಸರರ ಮನೆಯವರು, ಕಾಲೇಜು ಹುಡುಗರು ಗಿರಾಕಿಗಳು. "ಹಾಡಿನ ಅರ್ಥ ತೊಗೊಂಡು ನಾ ಏನ್ ಮಾಡ್ಲಿ? ಮೊದಲನೇ ಅಕ್ಷರ ಹೇಳ್ರಿ, ನಿಮ್ಮ ಚಾ ಆರೂದ್ರಾಗ ಹಾಡ ಹುಡುಕಿ ಕೊಡ್ತಿದ್ದೆ." ಸೀಡಿ ಬಂದು ಅಂಗಡಿ ಮುಚ್ಚಿತು, ಅಕ್ಷರಗಳು ಮನೆಗೆ ಬಂದವು. ಈ ಊರಿನ ತೇವಕ್ಕೆ ವರ್ಷಕ್ಕೊಮ್ಮೆಯಾದರೂ ತಿರುಗಿಸದಿದ್ದರೆ ಟೇಪಿಗೆ ಬೂಷ್ಟು ಹಿಡಿಯುತ್ತದೆ.

ಅಳುವ ಹಾಡಿನ ಬಾಜೂಕ, ಅಂದರೆ ಪಕ್ಕದಲ್ಲಿ, ಕುಣಿಯುವ ಹಾಡು. ಎಲ್ಲೆಲ್ಲಿಯವರೋ ಹಾಡಿದ್ದು, ಒಂದು ಅಕ್ಷರದ ದೆಸೆಯಿಂದ ಒಂದೇ ಡಬ್ಬಿಯಲ್ಲಿ ಕೂತಿದ್ದವು. ವರ್ಗದ ದೆಸೆಯಿಂದ ಅವರ ಹಲಗೆಯ ಕೆಳಗೆ ನಾವು ಬಂದು ಕೂತಿರಲಿಲ್ಲವೇ, ಹಾಗೆ.

"ಟಿ ಬರ್ಲಿ ನೋಡ, ನಿನಗ ಗೊತ್ತಾಗತೈತಿ," ಎಂದರು ಕಾಕೂ ಒಲೆಯ ಮುಂದಿನಿಂದ. "ದಿ ಅಂತ ಶುರು ಆಗೂವೆಲ್ಲಾ ತೊಗೊಂಡು ಟಿ ಒಳಗ ತುರುಕ್ಯಾರ. ಕಾಲೇಜ್ ಹುಡುಗ್ರು ಬಿದ್ದು ಬಿದ್ದು ನಗತಿದ್ರು. ಈಗ ನೋಡಿದ್ರ ಅದs ಒಂದು ಬುಟ್ಟಿ ಆಗೇತಿ."

ಕೆಲವು ದಿನಗಳಾದ ಮೇಲೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಕಾಕೂ ದನಿ ತಗ್ಗಿಸಿ ಹೇಳಿದರು. "ಅವರಿಗೆ ಅರಾಮಿಲ್ಲ ತಂಗೀ." ನಾವು ಹುಷಾರಿಲ್ಲ ಎನ್ನುವುದಕ್ಕೆ ಇಲ್ಲಿ ಅರಾಮಿಲ್ಲ ಎನ್ನುತ್ತಾರೆ. "ಗಂಟಲಾಗ ಗಂಟ ಆಗೇತಿ. ಬೆಳಗಾವಿ ನೆಹರು ನಗರದ ದವಾಖಾನ್ಯಾಗ ಲಗೂನ ಬಂದು ಕೊಯ್ಸಿಕೋರಿ ಅಂದಾರ. ಕೊಯ್ದ ಮ್ಯಾಲೆ ದನಿ ಉಳಿಯೂದು ಖಾತ್ರಿ ಇಲ್ಲಂತ. ಇವರದೇನಪಾ ಅಂದ್ರ, ಒಮ್ಮೆ ಎ ದಿಂದ ಝಡ್ ತನಕಾ ಎಲ್ಲಾ ಹಾಡಿನ ಹೆಸರ ನನ್ನ ಬಾಯಾಗ ಬರ್ಲಿ, ಆಮ್ಯಾಲೆ ಬೇಕಾದ್ದ ಕೊಯ್ಲಿ ಅಂತಾರ. ನನಗ ಇಂಗ್ಲಿಷ್ ಬರೂದಿಲ್ಲ. ಈಗ ಯಾವ ಅಕ್ಷರ ನಡದೈತಿ, ನೀ ಹೇಳ."

"ಕೆ ನಡೀತಿದೆ ಕಾಕೂ."

"ಇನ್ನೂ ಎಷ್ಟ ಅದಾವು?"

ನಾನು ಬೆರಳು ಮಡಿಸುತ್ತಾ ಹೋದೆ. ಅವರ ಮುಖ ನೋಡಿ ನಡುವೆಯೇ ನಿಲ್ಲಿಸಿದೆ.

ಅಂದಿನಿಂದ ನನ್ನ ಕಿವಿ ಹಲಗೆಗೆ ಅಂಟಿಕೊಂಡಿತು. ಹಾಡಿಗಿಂತ ಮೊದಲು ಬರುತ್ತಿದ್ದ ಆ ಒಡಕು ದನಿಯನ್ನೇ ಕಾಯುತ್ತಿದ್ದೆ. ಎಂ ಬರುವಾಗ ಹೆಸರಿನ ಕೊನೆ ಕೇಳಿಸುತ್ತಿರಲಿಲ್ಲ. ಪಿ ಬರುವಾಗ ನಡುವೆ ಉಸಿರು ತೆಗೆಯುತ್ತಿದ್ದರು. ಎಸ್ ಎನ್ನುವುದು ಮುಗಿಯಲೇ ಒಲ್ಲದು, ಮಹಾನವಮಿಯ ಹೊತ್ತಿಗೂ ನಡೆದೇ ಇತ್ತು. ಟೇಪಿನೊಳಗಿನವರು ಅಷ್ಟೇ ಗಟ್ಟಿಯಾಗಿ ಹಾಡುತ್ತಿದ್ದರು. ಮೊದಲಿನ ಕೂಗು ಮಾತ್ರ ಹಲಗೆ ದಾಟುತ್ತಿರಲಿಲ್ಲ. ಹೆಸರಿರಬೇಕಾದ ಜಾಗದಲ್ಲಿ ಒಂದು ಮೌನ, ಆಮೇಲೆ ಹಾಡು.

ಸಾಂಬ್ರಾದಲ್ಲಿರುವ ಕಾಕಾರ ಮಗಳು ಬಂದು ಜಗಳವಾಡಿದಳು. "ಅಪ್ಪಾ, ಹಾಡ ಏನ್ ಓಡಿ ಹೋಗ್ತಾವೇನ? ಮೊದಲ ದವಾಖಾನಿಗೆ ನಡೀ!"

"ಹಾಡ ಎಲ್ಲೂ ಹೋಗೂದಿಲ್ಲವಾ. ಹೋಗಾಂವ ನಾನs," ಎಂದರಂತೆ ಕಾಕಾ. ಅವಳು ಅಳುತ್ತಾ ಮೆಟ್ಟಿಲಿಳಿದು ಹೋದಳು.

ಖಂಡೆನವಮಿ ಎಂದರೆ ನಮ್ಮ ಆಯುಧಪೂಜೆಯೇ. ಪೂಜೆಗಿಟ್ಟ ಸಾಮಾನನ್ನು ಮರುದಿನ ಬನ್ನಿ ಮುಡಿಯುವ ತನಕ ಮುಟ್ಟುವಂತಿಲ್ಲ. ಕಾಕಾ ಈ ನೇಮ ತಪ್ಪಿದವರಲ್ಲ. ಟೇಪಿಗೆ ವಿಭೂತಿ ಹಚ್ಚಿ, ಚೆಂಡುಹೂ ಏರಿಸಿ, ಬನ್ನಿಯ ಮರ ನೋಡಿಬರಲು ಗುಡಿಯ ಕಡೆ ಹೋದರು. ಕಾಕೂ ಮೆಟ್ಟಿಲ ಮೇಲಿಂದ ನನ್ನನ್ನು ಕರೆದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು.

"ಟಿ ಯಾವು ಅದಾವು, ಆರಿಸಿ ಕೊಡ."

"ಕಾಕೂ, ಪೂಜೆಗಿಟ್ಟಿದ್ದು..."

"ಪೂಜಿಗಿ ಇಟ್ಟದ್ದು ಟೇಪ. ಕ್ಯಾಸೆಟ್ಟಿಗೆ ನಾ ಹೂ ಏರಿಸೇ ಇಲ್ಲ. ಬೇಕಂತನ ಬಿಟ್ಟೀನಿ. ಟಿ ಇಲ್ಲಂದ್ರ ಝಡ್ ಲಗೂ ಬರತೈತಿ. ಲಗೂ ಮಾಡವಾ."

ಬುಟ್ಟಿ ತುಂಬಿತು. ಇಬ್ಬರೂ ಹಿಡಿದುಕೊಂಡು ಇಳಿಸಿದೆವು. ಹಿಂದೆ ಊರಲ್ಲಿ ಅತ್ತೆ ತೀರಿಕೊಂಡಾಗ ಅವರ ಸೀರೆಗಳನ್ನು ಹೀಗೇ ಬುಟ್ಟಿಯಲ್ಲಿ ಹೊರಗೆ ಒಯ್ದಿದ್ದೆವು. ಅದು ನೆನಪಾಗಬಾರದಿತ್ತು, ಆಯಿತು. ನಮ್ಮ ಅಡುಗೆಮನೆಯಲ್ಲಿ ನಾಚಣಿ ಚೀಲದ ಹಿಂದೆ ಇಟ್ಟು ಮೇಲೆ ಗೋಣಿ ಮುಚ್ಚಿದೆ.

ಮರುದಿನ ಸಂಜೆ ಓಣಿಯೆಲ್ಲ ಬನ್ನಿಯ ಎಲೆ ಹಂಚುತ್ತಾ ತಿರುಗುತ್ತಿತ್ತು. ಬನ್ನಿ ತೊಗೊಂಡು ಬಂಗಾರದಂಗ ಇರೂಣು ಎಂದು ಚಿಕ್ಕವರು ದೊಡ್ಡವರ ಕಾಲಿಗೆ ಎಲೆ ಇಟ್ಟು ನಮಸ್ಕರಿಸುತ್ತಾರೆ. ನಾವು ಮೇಲೆ ಹೋಗಬೇಕಿತ್ತು. ಹೋಗಲಿಲ್ಲ. ಕಾಕಾ ತಾವೇ ಇಳಿದು ಬಂದರು. ಎಲೆ ಕೊಟ್ಟರು. ನೇರವಾಗಿ ಅಡುಗೆಮನೆಯ ಕಡೆ ನೋಡಿದರು. ಪಿಸುಮಾತು ಕೇಳಲು ನಾನು ಹತ್ತಿರ ಬಾಗಬೇಕಾಯಿತು.

"ಬಂಗಾರ ಎಲ್ಲಾ ನಿಮ್ಮ ಮನ್ಯಾಗ ಬಂದು ಕುಂತೈತಲ್ರಿ, ಬಾಯಾರ."

ನಾನು ಗೋಣಿಯ ಕಡೆ ನೋಡಿದೆ.

"ಇರ್ಲಿ. ಇರ್ಲಿ. ಆಕಿ ಮುಖ ನೋಡೀನಿ. ತಿರಗಸ್ರಿ, ಬೂಷ್ಟ ಹಿಡೀತಾವು. ಖರೇ ಒಂದು ಮಾತು, ಹೆಸರ ಕೂಗಿ ಹಾಕ್ರಿ. ಹೆಸರ ಕೂಗದs ಹಾಕಬ್ಯಾಡ್ರಿ."

ಟಿ ದಾಟಿದ ಮೇಲೆ ಡಬ್ಲ್ಯು ಒಂದನ್ನು ಬಿಟ್ಟರೆ ಉಳಿದವು ಚಿಕ್ಕ ಅಕ್ಷರಗಳು. ಆ ವಾರವೇ ಝಡ್ ಮುಗಿಯಿತು. ಅವರ ಅಳಿಯ ಜೀಪು ತಂದ. ಕಾಕಾ ಬಿಳಿ ಧೋತರ ಉಟ್ಟು, ಮನೆಗೆ ತಾವೇ ಕೀಲಿ ಹಾಕಿ, ಕೈಯನ್ನು ನನ್ನ ಮುಂದೆ ಚಾಚಿದರು. ನಾವು ಬಂದ ದಿನ ನಮಗೆ ಮನೆ ಬಿಟ್ಟುಕೊಟ್ಟ ಕೈಯೇ ಅದು. ಈಗ ಅವರ ಮನೆಯ ಬೀಗದ ಕೈ ನನ್ನ ಅಂಗೈಯಲ್ಲಿತ್ತು.

ಆಪರೇಷನ್ ಆಯಿತು. ನೋಡಲು ಹೋದೆ. ದೇಸೂರ ದಾಟುವಾಗ ರೈಲಿನ ಕಿಟಕಿಯಾಚೆ ಕೊಯ್ಲಾದ ಬತ್ತದ ಗದ್ದೆ ಬೋಳಾಗಿ ಬಿದ್ದಿತ್ತು. ದವಾಖಾನೆಯಲ್ಲಿ ಕಾಕಾ ಕತ್ತಿಗೆ ಪಟ್ಟಿ ಸುತ್ತಿಕೊಂಡು ಒರಗಿದ್ದರು, ಸಣ್ಣಗಾಗಿದ್ದರು. ನನ್ನನ್ನು ಕಂಡು ಎಡಗೈಯ ಬೆರಳನ್ನು ನೆಟ್ಟಗೆ ನಿಲ್ಲಿಸಿ, ಅದರ ತಲೆಯ ಮೇಲೆ ಬಲಗೈಯ ಬೆರಳನ್ನು ಅಡ್ಡ ಇಟ್ಟು, ಹುಬ್ಬೇರಿಸಿದರು. ಟಿ.

"ತಿರುಗ್ತಿದೆ ಕಾಕಾ. ಕೂಗೇ ಹಾಕ್ತಿದ್ದೀನಿ."

ಕಣ್ಣು ಮುಚ್ಚಿಕೊಂಡರು. ಹೊರಗೆ ಕಾಕೂ ನನ್ನ ಕೈ ಹಿಡಿದುಕೊಂಡರು. "ಡಾಕ್ಟರು ಏನೂ ಬಿಚ್ಚಿ ಹೇಳವಲ್ಲರು ತಂಗೀ. ನಾವು ತಡಾ ಮಾಡಿದಿವೋ ಏನೋ."

ಅವರು ಇನ್ನೂ ಬಂದಿಲ್ಲ. ಸಂಜೆ ದೀಪ ಹಚ್ಚಿ ನಾನು, ಮೇಲಿನಿಂದ ಇಳಿಸಿ ತಂದ ಕಾಕಾರ ಟೇಪಿನ ಮುಂದೆ ಕೂರುತ್ತೇನೆ. ಹೆಸರನ್ನು ಕೂಡಿಸಿ ಓದಿ, ಚಿಂತಾಮಣಿಯ ನಾಲಿಗೆಯಲ್ಲಿ ಗಟ್ಟಿಯಾಗಿ ಕೂಗುತ್ತೇನೆ. ಮೇಲೆ ಕೇಳಲು ಯಾರೂ ಇಲ್ಲ. ಯಜಮಾನರು ಮೊದಮೊದಲು ನಗುತ್ತಿದ್ದರು, ಈಗ ಅವರೂ ಸುಮ್ಮನೆ ಪಕ್ಕದಲ್ಲಿ ಕೂರುತ್ತಾರೆ.

"ಊರ ಕಡೆ ಜಾಗ ಖಾಲಿಯಾಗಿದೆಯಂತೆ," ಎಂದರು ನಿನ್ನೆ. "ಅರ್ಜಿ ಹಾಕಲಾ? ನೀನೇ ಹೇಳ್ತಿದ್ದೆಯಲ್ಲ, ಒಂದು ವರ್ಷವೂ ಇಲ್ಲಿ ಇರಲ್ಲ ಅಂತ."

ನಮ್ಮ ಹಿತ್ತಿಲ ನುಗ್ಗೆಮರ, ಮಗಳ ಮನೆ, ಒಣ ಗಾಳಿಯಲ್ಲಿ ಒಂದೇ ಗಳಿಗೆಗೆ ಒಣಗುವ ಸೀರೆ, ಎಲ್ಲ ಕಣ್ಣಿಗೆ ಬಂತು. ಹೂಂ ಎನ್ನಲು ಬಾಯಿ ತೆರೆದೆ.

"ತಡೀರಿ, ಟಿ ಮುಗೀಲಿ," ಎಂದೆ.

ಬುಟ್ಟಿಯಲ್ಲಿ ಉಳಿದಿರುವುದು ಒಂದೇ ಕ್ಯಾಸೆಟ್ಟು. ಇವತ್ತು ತೆಗೆದು ದೀಪಕ್ಕೆ ಹಿಡಿದೆ. ಮಳೆ ನಿಂತು ಎಷ್ಟೋ ದಿನವಾದರೂ ಈ ಮನೆಯ ಗೋಡೆಯ ತೇವ ಆರಿಲ್ಲ. ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಸಣ್ಣಗೆ ಎದ್ದಿತ್ತು. ಒಣ ಬಟ್ಟೆಯಿಂದ ಒರೆಸಿದೆ. ಹೆಸರುಗಳನ್ನು ಮನಸ್ಸಿನಲ್ಲೇ ಓದಿಕೊಂಡೆ, ಕೂಗಲಿಲ್ಲ. ಅಕ್ಕಿಯ ಡಬ್ಬದಲ್ಲಿ, ಬೆಂಕಿಪೊಟ್ಟಣದ ಪಕ್ಕ, ಹುಗಿದಿಟ್ಟೆ.