ಹವಾಯಿಯ ಟೀಚರ್

ಎರ್ಲಿಂಡಾ ಹವಾಯಿಯನ್ನು ಕಣ್ಣಾರೆ ಕಂಡವಳಲ್ಲ. ಆದರೂ ಜಪಾನಿನ ಸಕಾತಾ ಊರಿನ ಇಂಗ್ಲಿಷ್ ಶಾಲೆಯೊಂದರಲ್ಲಿ ಏಳು ವರ್ಷ ಹವಾಯಿಯವಳಾಗಿಯೇ ಪಾಠ ಮಾಡಿದಳು.

ಫಿಲಿಪ್ಪೀನ್ಸಿನ ಇಲೋಯಿಲೊದಲ್ಲಿ ಒಂಬತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಕಲಿಸಿ ಬಂದವಳು. ಶಾಲೆಯ ಯಜಮಾನ ಕುಗಿಮಿಯಾ ಅವಳ ಪದವಿ ಪತ್ರಗಳನ್ನು ನೋಡಿ ಮೆಚ್ಚಿದ.

"ನಿಮ್ಮ ಇಂಗ್ಲಿಷ್ ಚೆನ್ನಾಗಿದೆ. ಊರು ಮಾತ್ರ ಸ್ವಲ್ಪ ಬದಲಾಯಿಸೋಣ. ಹವಾಯಿ ಅಂದ್ರೆ ನಿಮ್ಮ ಮೈಬಣ್ಣಕ್ಕೂ ಹೊಂದುತ್ತೆ, ಮಕ್ಕಳ ತಾಯಂದಿರಿಗೂ ಸಮಾಧಾನ."

ವೀಸಾದ ಕಾಗದಕ್ಕೆ ಸಹಿ ಹಾಕಬೇಕಾದವನು ಅವನೇ. ಅವಳು ತಲೆಯಾಡಿಸಿದಳು.

ಅಲ್ಲಿಂದಾಚೆ ದಿನವೂ ಅದೇ. ಮಧ್ಯಾಹ್ನ ಮೂರಕ್ಕೆ ಬಾಗಿಲಲ್ಲಿ ಬೂಟು ಕಳಚಿ ಒಳಗಿನ ಚಪ್ಪಲಿ ಮೆಟ್ಟುವುದು, ಚಿತ್ರ ಎತ್ತಿ ಹಿಡಿದು "ಆ್ಯಪಲ್" ಎನ್ನುವುದು, ಮಕ್ಕಳು "ಆಪ್ಪುರು" ಎಂದು ಕೂಗುವುದು, ಮತ್ತೆ ಹೇಳಿಸುವುದು. ಸಂಜೆ ದೊಡ್ಡವರ ತರಗತಿ. ಅಲ್ಲಿಗೆ ಬರುತ್ತಿದ್ದ ಎಪ್ಪತ್ತೆರಡರ ಅಜ್ಜಿ ತೊದೊರೊಕಿ ಫುಮಿಯೆ ಹಿಂದೊಮ್ಮೆ ಹೊನೊಲುಲು ನೋಡಿ ಬಂದವರು. "ನಿಮ್ಮನೆ ಸಮುದ್ರಕ್ಕೆ ಹತ್ತಿರಾನಾ ಟೀಚರ್?" ಎಂದು ಕೇಳುವರು. ಎರ್ಲಿಂಡಾ ನಕ್ಷೆ ನೋಡಿ ಬಾಯಿಪಾಠ ಮಾಡಿದ ಬೀದಿಗಳ ಹೆಸರು ಹೇಳುವಳು. ಬರಬರುತ್ತಾ ಅಮ್ಮನ ಅಡುಗೆಯನ್ನೂ ತೀರಿಕೊಂಡ ಅಪ್ಪನ ದೋಣಿಯನ್ನೂ ಆ ಬೀದಿಗಳಿಗೇ ಸಾಗಿಸಿಬಿಟ್ಟಳು. ಅಪ್ಪನನ್ನು ನೆನೆಯಬೇಕಾದರೂ ಸುಳ್ಳಿನ ಮೂಲಕವೇ ಹೋಗಬೇಕಾಯಿತು.

ಏಳನೆಯ ವರ್ಷದ ನವೆಂಬರಿನಲ್ಲಿ, ಮೀನಿನಂಗಡಿಯ ಮುಂದೆ ಯಾರೋ ಅವಳ ಊರ ಮಾತಿನಲ್ಲಿ ಕರೆದರು. "ಮೇಡಂ, ನೀವಾ?"

ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸಕ್ಕೆ ಬಂದಿದ್ದ ಮಾರಿಸೆಲ್, ಅವಳ ಹಳೆಯ ಶಿಷ್ಯೆ. ಎರ್ಲಿಂಡಾ ಮೈಮರೆತು ಅದೇ ಮಾತಿನಲ್ಲಿ ಉತ್ತರ ಕೊಟ್ಟಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೆಂಗಸಿಗೆ ಮಾರಿಸೆಲ್ ಹೆಮ್ಮೆಯಿಂದ ಜಪಾನಿಯಲ್ಲಿ ವಿವರಿಸಿದಳು: "ನಮ್ಮೂರಲ್ಲಿ ನಂಗೆ ಪಾಠ ಹೇಳಿದವ್ರು ಇವ್ರು." ಆ ಹೆಂಗಸಿನ ಇಬ್ಬರು ಮಕ್ಕಳೂ ಎರ್ಲಿಂಡಾಳ ತರಗತಿಯಲ್ಲಿದ್ದರು.

ಮೂರು ದಿನದ ಮೇಲೆ ಕುಗಿಮಿಯಾ ಕರೆಸಿದ. "ನೀವು ನನಗೂ ಸುಳ್ಳು ಹೇಳಿದ್ರಿ ಅಂತ ತಾಯಂದಿರ ಮುಂದೆ ಒಪ್ಪಿಕೊಂಡುಬಿಡಿ. ಶಾಲೆ ಉಳೀಬೇಕಲ್ಲ."

"ಹೇಳಿಸಿದ್ದು ನೀವು."

"ಅದನ್ನ ಈಗ ಎತ್ತಿ ಯಾರಿಗೇನು ಪ್ರಯೋಜನ? ಮಾರ್ಚಿಗೆ ನಿಮ್ಮ ವೀಸಾ ಮುಗಿಯುತ್ತೆ, ಅಲ್ವಾ?"

ಭಾನುವಾರ ಶಾಲೆಯಲ್ಲಿ ಸೇರಿದ್ದ ತಾಯಂದಿರ, ಸಂಜೆ ತರಗತಿಯವರ ಮುಂದೆ ಅವಳು ಎಲ್ಲ ಸುಳ್ಳೂ ತನ್ನದೇ ಎಂದು ಸೊಂಟ ಬಗ್ಗಿಸಿ ಕ್ಷಮೆ ಕೇಳಿದಳು. ಪಕ್ಕದಲ್ಲಿ ಕುಗಿಮಿಯಾ ಅವಳಿಗಿಂತ ತುಸು ಹೆಚ್ಚೇ ಬಗ್ಗಿದ. ಎಂಥ ದೊಡ್ಡ ಮನಸ್ಸು ಎಂದು ತಾಯಂದಿರು ಮಾತಾಡಿಕೊಂಡರು.

ಮೆಟ್ಟಿಲ ಹತ್ತಿರ ಫುಮಿಯೆ ಅಜ್ಜಿ ಕಾದಿದ್ದರು. "ನಂಗೆ ಮೊದಲ ವರ್ಷವೇ ಗೊತ್ತಾಗಿತ್ತು ಟೀಚರ್. ನೀವು ಹೇಳೋ ಬೀದಿಯಲ್ಲೆಲ್ಲೂ ದೋಣಿ ಕಟ್ಟೋ ಜಾಗವೇ ಇಲ್ಲ."

"ಮತ್ಯಾಕೆ ಕೇಳ್ತಿದ್ರಿ?"

"ನೀವು ಚೆನ್ನಾಗಿ ಹೇಳ್ತಿದ್ರಿ. ಎಲ್ಲರೂ ಸುಮ್ಮನಿದ್ವಿ, ಎಲ್ಲ ಸರಿಯಾಗಿತ್ತು. ಈಗ ನೀವೇ ಬಾಯಿಬಿಟ್ಟು ಹೇಳಿದ ಮೇಲೆ ಗೊತ್ತಿಲ್ಲದ ಹಾಗೆ ಬಂದು ಕೂರೋದು ಹೇಗೆ?" ಅಜ್ಜಿ ಒಮ್ಮೆ ನಮಸ್ಕರಿಸಿ ಕೆಳಗಿಳಿದು ಹೋದರು. ಮತ್ತೆ ತರಗತಿಗೆ ಬರಲಿಲ್ಲ.

ಮಾರ್ಚಿನಲ್ಲಿ ಕುಗಿಮಿಯಾ ವೀಸಾದ ಕಾಗದಕ್ಕೆ ಸಹಿ ಹಾಕಲಿಲ್ಲ. "ತಾಯಂದಿರು ಒಪ್ಪುತ್ತಿಲ್ಲ" ಎಂದ, ಅಷ್ಟೆ.

ಎರ್ಲಿಂಡಾ ಈಗ ಇಲೋಯಿಲೊದಲ್ಲಿ, ಆರೈಕೆ ಕೆಲಸಕ್ಕೆಂದು ಜಪಾನಿಗೆ ಹೊರಡುವ ಹುಡುಗಿಯರಿಗೆ ಅಲ್ಲಿನ ಭಾಷೆ ಕಲಿಸುತ್ತಾಳೆ. "ಅಲ್ಲಿನ ಜನ ಹೇಗೆ ಮೇಡಂ?" ಎಂದು ಯಾರಾದರೂ ಕೇಳಿದರೆ, "ತುಂಬಾ ಮರ್ಯಾದಸ್ಥರು" ಎಂದು ಹೇಳಿ ಮುಂದಿನ ಪುಟ ತೆರೆಯುತ್ತಾಳೆ.