ಹೊಳೆಗೂ ಫೋನು ತಂದ ಹುಡುಗಿ

ಗೆಳೆಯರೇ, ನಮ್ಮೂರ ಕಾಲೇಜಿಗೆ ಆಪ್ತಸಮಾಲೋಚಕಿಯನ್ನು ಕಳಿಸುತ್ತೇವೆ ಎಂದು ಇಲಾಖೆಯವರು ಅಂದಿದ್ದರು, ಕಳಿಸಲಿಲ್ಲ. ದೂರಿನ ಪೆಟ್ಟಿಗೆ ಕೇಳಿದ್ದೆವು. ಇಟ್ಟರು, ಪ್ರಾಂಶುಪಾಲರ ಮೇಜಿನ ಎದುರಿಗೇ! ನಮ್ಮ ಮಹಿಳಾ ಸಂಘ ಮಕ್ಕಳೊಡನೆ ಮಾತಾಡಲು ಒಂದು ಗಂಟೆ ಬೇಡಿದ್ದಕ್ಕೆ ಪ್ರಾಂಶುಪಾಲರು, "ನಮ್ಮಲ್ಲಿ ಪ್ರೇಮ ಗೀಮ ಇಲ್ಲ" ಅಂದರು.

ಇವತ್ತು ಬೆಳಿಗ್ಗೆ ನೀರು ಇಳಿದಾಗ ಮಿರ್ಜಾನದ ಹೊಳೆಯಲ್ಲಿ ಬಳಚು ಚಿಪ್ಪಿ ಹೆಕ್ಕಲು ಹೊರಟೆವು. ಫೋನನ್ನು ಯಾರೂ ನೀರಿಗೆ ತರುವುದಿಲ್ಲ, ದಡದ ಬುಟ್ಟಿಯಲ್ಲಿ ಇಡುತ್ತೇವೆ. ಅದೇ ಕಾಲೇಜಿನಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಮಾತ್ರ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು.

"ಅದೆಂತದೇ, ತಾಳಿಯ?" ಎಂದು ನಮ್ಮ ಸಂಘದ ಗಿರಿಜಕ್ಕ ನಕ್ಕಳು.

ಹುಡುಗಿ ನಗಲಿಲ್ಲ. "ನಾ ಪ್ರೀತಿ ಮಾಡೂ ಹುಡ್ಗ, ಅಂವ ವಿಡಿಯೋ ಕಾಲ್ ಮಾಡ್ತ. ಎತ್ತದಿದ್ರೆ ಹೊಡಿತ."

ತೋಳಿನ ಮೇಲೆ ಬೆರಳಿನ ಗುರುತುಗಳಿದ್ದವು.

"ಇದು ಪ್ರೀತಿಯೇನೇ?" ಎಂದಳು ಗಿರಿಜಕ್ಕ.

"ಆಮೇಲೆ ಅಳ್ತ, ಅಕ್ಕಾ." ಹೊಳೆ ನಡುವಿನ ಮರಳುದಿಬ್ಬವನ್ನೇ ನೋಡುತ್ತ ಅಂದಳು, "ಮೊದ್ಲಿನ ಹಂಗೆ ಅಲ್ಲಿವರೆಗೆ ಹೋಗೂಕೆ ಆಸೆ. ಅಲ್ಲಿ ನೆಟ್‌ವರ್ಕ್ ಸಿಕ್ಕುದಿಲ್ಲ."

ಗಿರಿಜಕ್ಕ ಬುಟ್ಟಿ ಚಾಚಿದಳು. "ಹಾಕು ಇದ್ರಲ್ಲಿ. ನಾವೆಲ್ಲ ಸಂಗ್ತಿಗೆ ಬತ್ರು."

ಅವಳು ದಿಬ್ಬದವರೆಗೂ ನಡೆದಳು, ಹೊತ್ತು ಮೀರಿ ಅಲ್ಲೇ ನಿಂತಳು. ದಡದಲ್ಲಿ ಫೋನು ಬಡಿದುಕೊಂಡೇ ಇತ್ತು.

ದಡಕ್ಕೆ ಬಂದು ಅವಳು ಒಪ್ಪಿದ ಮೇಲೆ ಅವಳ ತಾಯಿಗೆ ತಿಳಿಸಿದೆವು, ಮಕ್ಕಳ ಸಹಾಯವಾಣಿಗೂ ಕರೆ ಮಾಡಿದೆವು. ಅವಳನ್ನು ಒಂಟಿಯಾಗಿ ಬಿಡುವುದಿಲ್ಲ. ಹೆಸರು ಬರೆಯದೆ ಇದನ್ನು ಹೇಳಲು ಅವಳೇ ಒಪ್ಪಿದ್ದಾಳೆ.

ಪ್ರೇಮ ಗೀಮ ಇಲ್ಲದ ಕಾಲೇಜಿನವರೂ ಬನ್ನಿ. ಕೇಳಿದ್ದನ್ನೆಲ್ಲ ಮತ್ತೆ ಕೇಳಲು ನಮ್ಮ ಸಂಘದ ಸಭೆ ಅದೇ ದಡದಲ್ಲಿ, ನಾಳೆ ಭಾನುವಾರ, ಬೆಳಿಗ್ಗೆ ಒಂಬತ್ತಕ್ಕೆ.